ಎಂಟನೆಯದಕ್ಕೆ ಜಾಗ

ಗೌರಿಬಿದನೂರು
೧೮ ನವೆಂಬರ್ ೨೦೨೪

ಅಪ್ಪ,

ಚೀಲದಲ್ಲಿ ನನ್ನ ಫೋನ್ ಇದೆ. ಗಾಬರಿಯಾಗಬೇಡ, ಅದು ಕೆಟ್ಟಿಲ್ಲ, ಕೆಟ್ಟಿರುವವಳು ನಾನು. ಪುಸ್ತಕ ತೆರೆದು ಕೂತರೆ ಕೈ ತಾನಾಗಿ ಅದರ ಮೇಲೆ ಹೋಗುತ್ತದೆ. ಯಾರ ಮದುವೆಯಲ್ಲೋ ಯಾರೋ ಕುಣಿಯುವುದನ್ನು ನೋಡುತ್ತ ಊಟದ ಹೊತ್ತು ಮೀರಿರುತ್ತದೆ. ಅದನ್ನು ರಾಗಿ ಡ್ರಮ್ಮಿನಲ್ಲಿ ಹೂತಿಡು. ಫೆಬ್ರುವರಿಯ ಪರೀಕ್ಷೆ ಮುಗಿಯುವ ತನಕ ನಾನು ಬಂದು ಕಾಲು ಹಿಡಿದರೂ ಕೊಡಬೇಡ. ಜೀವಕ್ಕೆ ಬಂದ ಸಂಗತಿಯಾದರೆ ಆಸ್ಪತ್ರೆಯ ಫೋನಿಗೆ ಮಾಡು, ಮಿಕ್ಕಿದ್ದೆಲ್ಲ ಕಾಗದದಲ್ಲಿ. ಚಿಂತಾಮಣಿಯಿಂದ ಹೊರಟು ನಮ್ಮೂರ ಗೇಟು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಮಂಚೇನಹಳ್ಳಿ ದಾಟಿ ಇಲ್ಲಿಗೆ ಬರುತ್ತದಲ್ಲ, ಆ ಬಸ್ಸಿನ ಡ್ರೈವರ್ ವೆಂಕಟರವಣಪ್ಪ ತಂದುಕೊಡಲು ಒಪ್ಪಿದ್ದಾರೆ. "ಕೋಳಿ ಸಾಗ್ಸಿದೀನಿ, ಟೀವಿ ಸಾಗ್ಸಿದೀನಿ, ಒಂದ್ಸಲ ಮುಹೂರ್ತಕ್ಕೆ ಲೇಟಾದ ಮದ್ವೆ ಗಂಡನ್ನೂ ಸಾಗ್ಸಿದೀನಿ. ಕಾಗ್ದ ಏನು ಮಹಾ, ಕೊಡಮ್ಮ" ಎಂದರು.

ಈಗ ನಿಜವಾದ ವಿಷಯ. ಎಮರ್ಜೆನ್ಸಿ ಮೆಡಿಸಿನ್ ಪ್ರಾಕ್ಟಿಕಲ್‌ನಲ್ಲಿ ಎರಡು ಸಲ ಫೇಲಾದೆ ಅನ್ನುವುದು ನಿನಗೆ ಗೊತ್ತು. ಯಾಕೆ ಅನ್ನುವುದನ್ನು ಹೇಳಿಲ್ಲ. ಹೃದಯ ನಿಂತವರ ಎದೆ ಒತ್ತುತ್ತ ಇದ್ದರೆ ಸಾಲದು, ಯಾಕೆ ನಿಂತಿತು ಎಂದು ಕಂಡುಹಿಡಿಯಬೇಕು. ಸರಿಪಡಿಸಬಹುದಾದ ಕಾರಣಗಳು ಎಂಟು. ಕೈ ಕೆಲಸ ಮಾಡುತ್ತಿರುವಾಗಲೇ ಬಾಯಿ ಎಂಟನ್ನೂ ಹೇಳಬೇಕು. ನೆನಪಿಗೆ ಸುಲಭವಾಗಲಿ ಎಂದು ಇಂಗ್ಲಿಷಿನ ದೊರೆಗಳು ನಾಲ್ಕು 'ಎಚ್', ನಾಲ್ಕು 'ಟಿ' ಎಂದು ಕಟ್ಟಿಕೊಟ್ಟಿದ್ದಾರೆ. ಕೋಣೆಯಲ್ಲಿ ಒಬ್ಬಳೇ ಇದ್ದಾಗ ಗಿಣಿಯಂತೆ ಹೇಳುತ್ತೇನೆ. ಪರೀಕ್ಷಕರು ಎದುರಿಗೆ ನಿಂತರೆ ಎಚ್ಚೂ ಇಲ್ಲ, ಟೀಯೂ ಇಲ್ಲ, ಗಿಣಿಯೂ ಇಲ್ಲ. ಈ ನೆನಪಿನ ಸೂತ್ರವನ್ನು ನೆನಪಿಡಲು ಇನ್ನೊಂದು ಸೂತ್ರ ಬೇಕಾಗಿದೆ.

ಇದು ನನ್ನ ಕೊನೆಯ ಅವಕಾಶ ಅಪ್ಪ. ಈ ಸಲವೂ ಹೋದರೆ ಆ ಬಾಗಿಲು ಮುಚ್ಚಿತು.

ನೀನು ಹೈಸ್ಕೂಲಿನಲ್ಲಿ ಇಡೀ ಕನ್ನಡ ವ್ಯಾಕರಣಕ್ಕೆ ನಮ್ಮ ನೆಂಟರನ್ನು ದುಡಿಸಿಕೊಂಡವನು. ಲೋಪಸಂಧಿ ಎಂದರೆ ಮುರಳಿಮೋಹನ್ ಚಿಕ್ಕಪ್ಪ, ಅವರು ಬಂದುಹೋದ ಮನೆಯಲ್ಲಿ ಒಂದು ಜೊತೆ ಚಪ್ಪಲಿ ಲೋಪ. ಅದು ಇವತ್ತಿಗೂ ನನಗೆ ಮರೆತಿಲ್ಲ. ಈ ಎಂಟಕ್ಕೂ ಏನಾದರೂ ಮಾಡಿಕೊಡು. ಇನ್ನೊಂದು ಹಾಳೆಯಲ್ಲಿ ಎಂಟನ್ನೂ ಕನ್ನಡದಲ್ಲಿ ಬಿಡಿಸಿ ಬರೆದಿದ್ದೇನೆ.

ನಿನ್ನ
ಭಾನು


ಶಿಡ್ಲಘಟ್ಟ ರಸ್ತೆ, ನಮ್ಮೂರು
೨೪ ನವೆಂಬರ್ ೨೦೨೪

ಡಾಕ್ಟರ್ ಭಾನುಪ್ರಿಯಾ ಅಮ್ಮನವರ ಸನ್ನಿಧಾನಕ್ಕೆ, ನಿವೃತ್ತ ಕನ್ನಡ ಮೇಷ್ಟ್ರು, ಚಿಕ್ಕಬಳ್ಳಾಪುರದ ವಾರಪತ್ರಿಕೆಗೆ ಹಾಸ್ಯ ಬರೆದು ನಾಲ್ಕು ಜನರ ದ್ವೇಷ ಕಟ್ಟಿಕೊಂಡವನು, ಹಾಲಿ ರೇಷ್ಮೆಹುಳುಗಳ ಊಟೋಪಚಾರ ಮಂತ್ರಿ ನರಸಿಂಹಪ್ಪ ಮಾಡುವ ಅರಿಕೆ.

ಫೋನಿನ ಅಂತ್ಯಸಂಸ್ಕಾರ ಸಾಂಗವಾಗಿ ನೆರವೇರಿತು. ಆದರೆ ಅದನ್ನು ಆರಿಸಿ ಹೂಳಬೇಕೆಂದು ಸತ್ತವರ ಕಡೆಯವರು ತಿಳಿಸಿರಲಿಲ್ಲ. ಪಕ್ಕದ ಮನೆಯಿಂದ ನಿನ್ನ ಶೋಭತ್ತೆ ರಾಗಿ ಅಳೆದುಕೊಳ್ಳಲು ಬಂದು ಡ್ರಮ್ಮಿಗೆ ಕೈ ಹಾಕುವುದಕ್ಕೂ ಅದು ಒಳಗಿನಿಂದ ಹಾಡುವುದಕ್ಕೂ ಸರಿಹೋಯಿತು. "ಅಯ್ಯೋ ದೇವುಡಾ, ರಾಗಿ ಕೂಗ್ತಾ ಐತೆ!" ಎಂದು ಆಕೆ ಓಡಿದ ವೇಗಕ್ಕೆ ನಮ್ಮ ಕೋಳಿಗಳು ಇನ್ನೂ ಮೊಟ್ಟೆ ಇಡುತ್ತಿಲ್ಲ.

ನಿನ್ನ ಎಂಟು ಕಾರಣಗಳನ್ನು ಓದಿದೆ. ಮನುಷ್ಯ ಸಾಯಲು ಇಷ್ಟು ಅನುಕೂಲಗಳಿವೆಯೆಂದು ತಿಳಿದಿರಲಿಲ್ಲ. ಸರಿ, ಪಾಠ ಶುರು. ಮನುಷ್ಯ ಪದ್ಯ ಮರೆಯುತ್ತಾನೆ, ತಾನು ಆಡಿ ಬೆಳೆದ ಮನೆಯನ್ನು ಮರೆಯುವುದಿಲ್ಲ. ಕಣ್ಣು ಮುಚ್ಚು. ಚಪ್ಪಲಿ ಬಿಡು, ಕಾಲು ತೊಳೆ. ನಮ್ಮ ಮನೆಗೆ ಬಾ.

ಜಗಲಿ ಮೇಲೆ ಯಾರು? ದಿನವೂ ಹರಟೆಗೆ ಬರುವ ನಮ್ಮ ಆವುಲಪ್ಪ. ಬೀಡಿ ಎಳೆದು, ಕೆಮ್ಮಿ, ಗಾಳಿ ಸಾಲದೆ ಬಾಯಿ ತೆರೆದು ಕೂತಿದ್ದಾನೆ. ಇದು ನಿನ್ನ ಮೊದಲನೆಯದು, ಉಸಿರಿನ ಅಭಾವ. ಎಡಕ್ಕೆ ನಮ್ಮ ಸಂಪು. ಅದರಲ್ಲಿ ನೀರು ನಿಂತದ್ದನ್ನು ಕಂಡವರಿಲ್ಲ. ಮೈಯಲ್ಲಿ ರಕ್ತ, ನೀರು ಬತ್ತುವುದು ಅಲ್ಲಿಗೆ. ಹೊಸಿಲು ದಾಟಿದರೆ ಮೂಲೆಯಲ್ಲಿ ಹಿಪ್ಪುನೇರಳೆ ತೋಟಕ್ಕೆ ತಂದ ಪೊಟ್ಯಾಷ್ ಮೂಟೆ. ನಿನ್ನ ಪಟ್ಟಿಯಲ್ಲೂ ಪೊಟ್ಯಾಷಿಯಂ ಏರುಪೇರು ಎಂದಿತ್ತು. ಒಂದೇ ಗೊಬ್ಬರ ಮನುಷ್ಯನಿಗೂ ಗಿಡಕ್ಕೂ ಬೇಕೆಂಬುದು ನನಗೆ ವೇದಾಂತದಂತೆ ಕಂಡಿತು. ನಡುಮನೆಯ ಮಧ್ಯೆ, ಬಂದವರೆಲ್ಲ ನೋಡಲಿ ಎಂದು ಹೊಲಿದ ಬಟ್ಟೆ ಹೊದಿಸಿಟ್ಟ ಫ್ರಿಜ್ಜು. ಮೈ ತಣ್ಣಗಾಗುವುದು. ಇಲ್ಲಿಗೆ ಅರ್ಧ ದಾರಿ.

ಹಿತ್ತಿಲ ಹಾದಿಯಲ್ಲಿ ನನ್ನ ಮೊಪೆಡ್ಡು. ಶಿಡ್ಲಘಟ್ಟದಲ್ಲಿ ಅದರ ಟೈರಿಗೆ ಒಬ್ಬ ಪುಣ್ಯಾತ್ಮ ಗಾಳಿ ತುಂಬಿದ ರಭಸಕ್ಕೆ ಅದು ಈಗ ಪೂರಿಯಂತಿದೆ. ಎದೆಯೊಳಗೆ ಸೋರಿದ ಗಾಳಿ ಸಿಕ್ಕಿಕೊಂಡು ಒತ್ತುವುದು ಅದೇ. ಅಲ್ಲೇ ಶೋಭತ್ತೆ, ಯಾರದೋ ಮಗುವನ್ನು ಅಪ್ಪಿ ಮುದ್ದಾಡುತ್ತಿದ್ದಾಳೆ. ಆಕೆಯ ಅಪ್ಪುಗೆಯಲ್ಲಿ ಸಿಕ್ಕ ಮಗುವಿನ ಕಣ್ಣು ನೋಡಿದ್ದೀಯಲ್ಲ? ಸುತ್ತ ರಕ್ತ ತುಂಬಿ ಹೃದಯವನ್ನು ಅದುಮಿದರೆ ಹೃದಯಕ್ಕೂ ಹಾಗೇ ಆಗುತ್ತದಂತೆ. ಕೊನೆಗೆ ಹುಳದ ಮನೆ. ಬಾಗಿಲಲ್ಲಿ ತೊಳೆಯುವ ಔಷಧಿಯ ಕ್ಯಾನು, ಅದರ ಮೇಲೆ ತಲೆಬುರುಡೆಯ ಚಿತ್ರ. ವಿಷ.

ಏಳಾಯಿತು. ಎಂಟನೆಯದು ರಕ್ತ ಹೆಪ್ಪುಗಟ್ಟುವುದು. ಅದಕ್ಕೆ ಮನೆಯಲ್ಲಿ ಜಾಗ ಸಾಲಲಿಲ್ಲ. ನೀನೇ ಎಲ್ಲಾದರೂ ಇಟ್ಟುಕೋ.

ಶೋಭತ್ತೆ ಮಾಡಿದ ಕಡಲೆಬೀಜದ ಚಟ್ನಿಪುಡಿ ಕಳಿಸಿದ್ದೇನೆ. ನನ್ನ ಅಡುಗೆ ಯಥಾಪ್ರಕಾರ ಜಗಲಿಯ ಒಂಟಿ ಒಲೆಯ ಮೇಲೆ, ಬೇಯಿಸಿದ್ದು, ಉಪ್ಪು ಹಾಕಿದ್ದು, ಅಷ್ಟೇ. ಹುಳು ಮೇಯುವಾಗ ಒಗ್ಗರಣೆ ಘಾಟು ಆಗುವುದಿಲ್ಲ ನೋಡು.

ಆಶೀರ್ವಾದಗಳೊಂದಿಗೆ
ನಿನ್ನ ಅಪ್ಪ


ಗೌರಿಬಿದನೂರು
೮ ಡಿಸೆಂಬರ್ ೨೦೨೪

ಅಪ್ಪ,

ನಿನ್ನ ಮೊಪೆಡ್ಡು ಒಂದು ಜೀವ ಉಳಿಸಿತು.

ತೊಂಡೇಬಾವಿ ಕಡೆಯ ಟ್ರ್ಯಾಕ್ಟರ್ ಡ್ರೈವರ್ ಒಬ್ಬರನ್ನು ತಂದರು, ಎದೆಗೆ ಪೆಟ್ಟು. ನೋಡನೋಡುತ್ತ ಉಸಿರು ನಿಲ್ಲುತ್ತ ಬಂತು. ನನ್ನ ತಲೆ ಎಂದಿನಂತೆ ಖಾಲಿ. ಆಗ ಕಣ್ಣು ಮುಚ್ಚಿ ಜಗಲಿ ಹತ್ತಿದೆ. ಆವುಲಪ್ಪ, ಸಂಪು, ಮೂಟೆ, ಫ್ರಿಜ್ಜು, ಮೊಪೆಡ್ಡು! ಎದೆಯ ಬಲಭಾಗ ಪೂರಿಯಂತೆಯೇ ಉಬ್ಬಿತ್ತು. ಸೂಜಿ ಚುಚ್ಚಿದೆ. ಟೈರಿನ ಪಿನ್ನು ಒತ್ತಿದಂತೆ 'ಸುಸ್' ಎಂದು ಗಾಳಿ ಬಂತು, ಮನುಷ್ಯ ಉಸಿರೆಳೆದ. ನರ್ಸ್ ಜ್ಯೋತಿಲಕ್ಷ್ಮಿ ಆಮೇಲೆ ಪಕ್ಕಕ್ಕೆ ಕರೆದು, "ಡಾಕ್ಟ್ರೇ, ಅದೇನು ಫ್ರಿಜ್ಜು ಫ್ರಿಜ್ಜು ಅಂತಿದ್ರಿ? ಜ್ಯೂಸ್ ಏನಾದ್ರೂ ಬೇಕಾಗಿತ್ತಾ?" ಎಂದರು.

ಆದರೆ ಎಂಟನೆಯದು ನಿಲ್ಲುತ್ತಿಲ್ಲ. ಇಲ್ಲಿನ ಹಿರಿಯ ವೈದ್ಯರು ಸುನೀಲ್‌ಕುಮಾರ್ ವಾರಕ್ಕೊಮ್ಮೆ ರಬ್ಬರ್ ಗೊಂಬೆ ಮಲಗಿಸಿ ಅಣಕು ಪರೀಕ್ಷೆ ಮಾಡುತ್ತಾರೆ. ಏಳನ್ನೂ ಹೇಳಿದೆ. "ಎಂಟನೇದು?" ಎಂದರು. ಹುಳದ ಮನೆಯ ಬಾಗಿಲಲ್ಲಿ ಹಾಗೇ ನಿಂತುಬಿಟ್ಟೆ. ಪರೀಕ್ಷೆಯಲ್ಲಿ ಏಳು ಹೇಳಿ ಒಂದು ಬಿಟ್ಟರೆ, ಆ ಒಂದರಿಂದ ಸಾಯುವವರನ್ನು ಬಿಟ್ಟ ಲೆಕ್ಕ. ಪಾಸು ಮಾಡುವುದಿಲ್ಲ.

ನಾನಾಗಿ ಇಟ್ಟುಕೊಂಡರೆ ಅಂಟುವುದಿಲ್ಲ ಅಪ್ಪ. ನೀನೇ ಜಾಗ ತೋರಿಸು.

ಭಾನು


ನಮ್ಮೂರು
೧೫ ಡಿಸೆಂಬರ್ ೨೦೨೪

ಚಿರಂಜೀವಿ ಭಾನುವಿಗೆ,

ನನ್ನ ಮೊಪೆಡ್ಡಿಗೆ ನಿನ್ನ ಕಾಗದ ಓದಿ ಹೇಳಿದೆ. ಅಂದಿನಿಂದ ಅದಕ್ಕೆ ಕೊಬ್ಬು ಬಂದು ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿಲ್ಲ. ಆವುಲಪ್ಪನಿಗೂ ಹೇಳಿದೆ. "ನನ್ನನ್ ಮೊದಲ್ನೇ ಜಾಗದಲ್ಲಿ ಇಟ್ಟಿದೀರಲ್ಲ ಮೇಷ್ಟ್ರೇ, ಸಂತೋಷ. ಆದ್ರೆ ಬೀಡಿ ಬಿಡು ಅಂತ ಡಾಕ್ಟ್ರಮ್ಮ ಹೇಳ್ಬಾರ್ದು. ಬಿಟ್ರೆ ಪಾಠ ಕೆಟ್ಟೋಗುತ್ತೆ" ಎಂದ. ತರ್ಕದಲ್ಲಿ ತಪ್ಪು ಸಿಗಲಿಲ್ಲ.

ಎಂಟನೆಯದು ತಾನೆ? ಮಹಡಿ ಮೆಟ್ಟಿಲ ಕೆಳಗೆ ಇಡು. ಅಲ್ಲಿ ಹೆಪ್ಪು ಹಾಕಿದ ಮೊಸರಿನ ಗಡಿಗೆ ಇದೆಯೆಂದುಕೋ. ಒಪ್ಪದಿದ್ದರೆ ಹುಣಸೆಮರದ ಬುಡ. ಅದೂ ಬೇಡವಾದರೆ ಚಿಂತಾಮಣಿ ಬಸ್ ಸ್ಟ್ಯಾಂಡು, ಅಲ್ಲಿ ಬಸ್ಸುಗಳು ಹೆಪ್ಪುಗಟ್ಟಿ ನಿಲ್ಲುತ್ತವೆ. ಲೋಕ ವಿಶಾಲವಾಗಿದೆ.

ಇಲ್ಲಿ ಹುಳು ಮೂರನೇ ಜ್ವರಕ್ಕೆ ಕೂತಿವೆ. ಪುಸ್ತಕ ಓದಿ ಮರೆತಿದ್ದರೆ ನೆನಪಿಸುತ್ತೇನೆ: ಇದು ನಿನ್ನ ಮಾತ್ರೆಯ ಜ್ವರವಲ್ಲ. ಹಳೇ ಚರ್ಮ ಕಳಚುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದಲ್ಲ, ಅದು. ಆಗ ಮುಟ್ಟಬಾರದು, ಮಾತಾಡಿಸಬಾರದು. ಆದ್ದರಿಂದ ನನಗೂ ಪುರುಸೊತ್ತಿಲ್ಲ.

ಅಪ್ಪ


ಗೌರಿಬಿದನೂರು
೪ ಜನವರಿ ೨೦೨೫

ಅಪ್ಪ,

ಮೆಟ್ಟಿಲ ಕೆಳಗೆ ಇಟ್ಟೆ, ಹುಣಸೆಮರದ ಕೆಳಗೆ ಇಟ್ಟೆ, ಚಿಂತಾಮಣಿಗೂ ಹೋಗಿಬಂದೆ. ಎಲ್ಲೂ ನಿಲ್ಲಲಿಲ್ಲ.

ನಿನ್ನೆ ಮತ್ತೆ ಗೊಂಬೆ ಪರೀಕ್ಷೆ. ಏಳು ಹೇಳಿ ಬಾಯಿ ಕಟ್ಟಿತು. ಕೈ ಎದೆ ಒತ್ತುತ್ತಲೇ ಇದೆ, ಬಾಯಿ ತೆರೆದೇ ಇದೆ, ಮಾತು ಇಲ್ಲ. ಕೊನೆಗೆ ಸುನೀಲ್‌ಕುಮಾರ್ ಸರ್ ಮೆಲ್ಲಗೆ, "ನಿಲ್ಸಿ ಡಾಕ್ಟರ್. ಪೇಷಂಟ್ ತೀರ್ಕೊಂಡ್ರು" ಎಂದರು. ನಾನು ಅತ್ತುಬಿಟ್ಟೆ ಅಪ್ಪ. ರಬ್ಬರ್ ಗೊಂಬೆಯ ಮೇಲೆ ಬಿದ್ದು, ಜೂನಿಯರುಗಳ ಎದುರಿಗೆ. ಬಿಡಿಸಿ ಎಬ್ಬಿಸಲು ಜ್ಯೋತಿಲಕ್ಷ್ಮಿ ಬರಬೇಕಾಯಿತು. "ಬನ್ನಿ ಡಾಕ್ಟ್ರೇ, ಅದಕ್ಕೆ ಮನೆಯೋರು ಯಾರೂ ಇಲ್ಲ, ನೀವ್ಯಾಕ್ ಅಳ್ತೀರಾ" ಎಂದು ನಗಿಸಲು ನೋಡಿದರು. ನಗು ಬರಲಿಲ್ಲ. ಕೋಣೆಗೆ ಬಂದು ಪರೀಕ್ಷೆಗೆ ಕೂರುವುದಿಲ್ಲ ಎಂದು ಅರ್ಜಿ ಬರೆದೆ. ಅದು ದಿಂಬಿನ ಕೆಳಗಿದೆ. ಜ್ವರದ ಮಾತ್ರೆ ಬರೆದುಕೊಟ್ಟುಕೊಂಡು ಎಲ್ಲಾದರೂ ಇರುತ್ತೇನೆ. ನನಗೆ ಆಗುವುದಿಲ್ಲ.

ಆದರೆ ಅರ್ಜಿ ಕೊಡುವ ಮುಂಚೆ ಒಂದು ಮಾತು ಬರೆಯಲೇಬೇಕು. ಇವತ್ತು ಸುಮ್ಮನೆ ಮಲಗಿ ಮನೆಯಲ್ಲಿ ನಡೆದೆ. ಹುಳದ ಮನೆಯಿಂದ ಒಳಕ್ಕೆ ಬರುವಾಗ ಒಂದು ಬಾಗಿಲು ಸಿಗುತ್ತದೆ. ಅದಕ್ಕೆ ಬೀಗ. ಪ್ರತಿ ಸಲವೂ ನಾನು ಅದನ್ನು ನೋಡುತ್ತೇನೆ, ನೋಡಿಲ್ಲ ಎಂದುಕೊಂಡು ತಿರುಗುತ್ತೇನೆ. ನೀನೂ ಅಷ್ಟೇ. ಜಗಲಿಯಿಂದ ಹಿತ್ತಿಲಿನ ತನಕ ಎಲ್ಲ ಕಡೆ ಒಂದೊಂದು ಇಟ್ಟು ಬಂದೆ. ಅಡುಗೆಮನೆಗೆ ಮಾತ್ರ ಕಾಲಿಡಲಿಲ್ಲ.

ಎಂಟನೆಯದರ ಜಾಗ ಯಾವುದು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಯಿತು ಎಂದು ಆಸ್ಪತ್ರೆಯವರು ಕೊಟ್ಟ ಅಮ್ಮನ ಸಾವಿನ ಕಾಗದದಲ್ಲಿ ಬರೆದಿದ್ದರು. ನಾನು ಊರಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತು ಅಲ್ಲಿ ಏನಾಯಿತು ಎಂದು ನಾನು ಯಾವತ್ತೂ ಕೇಳಲಿಲ್ಲ, ನೀನು ಹೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಭಾನು


ನಮ್ಮೂರು
೧೬ ಜನವರಿ ೨೦೨೫

ಭಾನಮ್ಮ,

ನಾನು ಶೋಭತ್ತೆ. ಕಾಗದ ಬರೆದು ಅಭ್ಯಾಸ ಇಲ್ಲ, ತಪ್ಪಿದ್ರೆ ನಿಮ್ಮಪ್ಪನ ಹತ್ರ ತಿದ್ದಿಸ್ಕೊ. ಆದ್ರೆ ಈಗ ಅವನು ತಿದ್ದೋ ಸ್ಥಿತಿಯಲ್ಲಿಲ್ಲ. ಏನು ಬರೆದಿದ್ಯಮ್ಮ ಅವನಿಗೆ? ಬಸ್ಸಿಂದ ಚೀಲ ಇಸ್ಕೊಂಡ್ ಬಂದ, ಜಗಲಿ ಮೇಲೆ ಕೂತು ಓದ್ದ, ಆವತ್ತಿಂದ ಮಾತಿಲ್ಲ. ಜ್ವರಕ್ಕೆ ಕೂತ ಹುಳದ ಥರ ತಲೆ ಎತ್ಕೊಂಡು ಕೂತಿರ್ತಾನೆ. ಸಂಕ್ರಾಂತಿಗೆ ಎಳ್ಳು ಕೊಡೋಕ್ ಹೋದ್ರೆ, ಎಳ್ಳು ಇಸ್ಕೊಂಡ, ಬೆಲ್ಲ ಇಸ್ಕೊಂಡ, ಒಂದು ಕುಹಕ ಆಡಲಿಲ್ಲ. ಅಣ್ಣ ನನ್ನನ್ನ ಆಡ್ಕೊಳ್ದೆ ಒಂದು ಹಬ್ಬ ಕಳೆದಿದ್ದು ಇದೇ ಮೊದಲು, ನಂಗೆ ಊಟ ಸೇರಲಿಲ್ಲ. ಆವುಲಪ್ಪ ಬಂದು, "ಮೇಷ್ಟ್ರೇ, ಬೀಡಿ ಬಿಟ್ಬಿಡ್ತೀನಿ, ಮಾತಾಡಿ" ಅಂತ ಕೇಳ್ಕೊಂಡ. ಅದಕ್ಕೂ ಇಲ್ಲ.

ನಿನ್ನೆ ಹಿತ್ತಿಲಲ್ಲಿ ಅಡುಗೆಮನೆ ಬಾಗಿಲ ಮುಂದೆ ನಿಂತಿದ್ದ. ಬೀಗದ ಕೈ ಹಿಡ್ಕೊಂಡಿದ್ದ. ನಾನು ನೋಡಿದ್ದು ನೋಡಿ ಜೇಬಿಗೆ ಹಾಕ್ಕೊಂಡು ಸೊಪ್ಪು ಕೊಯ್ಯೋಕ್ ಹೋದ.

ನಾನು ಏನೂ ಕೇಳಲ್ಲ. ನಿನ್ನ ಓದು ನೋಡ್ಕೊ. ಹೊತ್ತಿಗೆ ಸರಿಯಾಗಿ ತಿನ್ನು.

ನಿಮ್ಮತ್ತೆ ಶೋಭಾರಾಣಿ


ನಮ್ಮೂರು
೨೫ ಜನವರಿ ೨೦೨೫

ಭಾನು,

ತಡವಾಯಿತು. ಈ ಕಾಗದಕ್ಕೆ ಪೀಠಿಕೆ ಹುಡುಕಿದೆ. ಹೆಸರಿನ ಹಿಂದೆ ಮುಂದೆ ಕಟ್ಟುವ ಬಿರುದುಗಳು ಯಾವುವೂ ಇವತ್ತು ಸಹಾಯಕ್ಕೆ ಬರಲಿಲ್ಲ. ನೇರ ಒಳಗೆ ಬಾ.

ಬೀಗ ತುಕ್ಕು ಹಿಡಿದಿತ್ತು. ಕೊಬ್ಬರಿ ಎಣ್ಣೆ ಬಿಟ್ಟು ತೆಗೆದೆ. ಒಳಗೆ ಎಲ್ಲ ಹಾಗೇ ಇದೆ. ಜೇಡಗಳು ಮಾತ್ರ ನಮ್ಮ ರೇಷ್ಮೆಹುಳುಗಳಿಗೆ ನಾಚಿಕೆಯಾಗುವಷ್ಟು ನೂಲು ತೆಗೆದಿವೆ. ಕಿಟಕಿ ಪಕ್ಕ ಕುರ್ಚಿ, ಅದರ ಮುಂದೆ ಮಣೆ. ನಿಮ್ಮಮ್ಮ ಸೊಪ್ಪಿನ ತೋಟದಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಮೇಲೆ ಆಕೆಯ ಸಿಂಹಾಸನ ಅದೇ. ಪ್ಲಾಸ್ಟರ್ ಕಾಲನ್ನು ಆ ಮಣೆಯ ಮೇಲೆ ಚಾಚಿ, ಅಲ್ಲಿಂದಲೇ ಮನೆ ಆಳುತ್ತಿದ್ದಳು. "ಏಳಬೇಡ" ಎಂದರೆ, "ಏಳದೆ ನಿಮ್ಮ ಕೈ ಅಡುಗೆ ತಿನ್ನಬೇಕಾ? ಕಾಲು ಮುರಿದಿರೋದು ಸಾಲ್ದಾ?" ಎನ್ನುತ್ತಿದ್ದಳು.

ಆ ಬೆಳಿಗ್ಗೆ ಅವರೆಕಾಯಿ ಬಂದಿತ್ತು. ಕೂತಲ್ಲೇ ಕಾಳು ಹಿದುಕಿದಳು. ನೀನು ಹಬ್ಬಕ್ಕೆ ಬರುತ್ತೀಯ ಎಂದು ಹಿದುಕಿದ ಬೇಳೆ ಸಾರು ಮಾಡಿ ಅಭ್ಯಾಸ ಮಾಡಿಕೊಳ್ಳುತ್ತೇನೆ ಎಂದಳು. ಆಕೆಗೆ ಅಭ್ಯಾಸ ಬೇಕಿತ್ತೇ? ನಾನು ಬಾಗಿಲಲ್ಲಿ ನಿಂತು ಪತ್ರಿಕೆಗೆ ಬರೆದದ್ದನ್ನು ಓದಿ ಹೇಳುತ್ತಿದ್ದೆ. ನಗುತ್ತ ಎದ್ದು ಒಲೆಯ ಹತ್ತಿರ ಹೋಗಿ ಬಾಣಲೆಗೆ ಸಾಸಿವೆ ಹಾಕಿದಳು. ಸಾಸಿವೆ ಸಿಡಿಯಿತು. ಆಗ ಗೋಡೆ ಹಿಡಿದುಕೊಂಡು, "ಯಾಕೋ ಉಸಿರು ಹಿಡೀತಾ ಐತೆ" ಎಂದಳು. ನಾನು ಓಡಿ ಹೋಗಿ ಹಿಡಿದುಕೊಂಡೆ. ನನ್ನ ಕೈ ಮೇಲೆ ಕುಸಿಯುತ್ತ ನನ್ನ ಮುಖ ನೋಡಲಿಲ್ಲ ಭಾನು, ಬಾಣಲೆ ನೋಡಿದಳು. "ಒಗ್ಗರಣೆ ಸೀದೋಗುತ್ತೆ, ನೋಡ್ರೀ" ಎಂದಳು. ಅಷ್ಟೇ.

ನಿಮ್ಮಮ್ಮ ಅಮ್ಮಾಜಮ್ಮ ಈ ಲೋಕಕ್ಕೆ ಬಿಟ್ಟುಹೋದ ಕೊನೆಯ ಸಂದೇಶ ಅದು. ಬೇರೆಯವರ ಮನೆಯಲ್ಲಿ ಕೊನೆಯ ಮಾತು ದೇವರ ನಾಮವಾಗಿರುತ್ತದಂತೆ. ನಾನು ಆಕೆಯನ್ನು ಬಿಟ್ಟು ಒಲೆಯ ಹತ್ತಿರ ಹೋಗಲಿಲ್ಲ. ಒಗ್ಗರಣೆ ಸೀಯಿತು. ಶೋಭ ಬಂದು ಆರಿಸುವ ಹೊತ್ತಿಗೆ ಮನೆಯೆಲ್ಲ ಅದೇ ವಾಸನೆ.

ಹುಳಕ್ಕೆ ಒಗ್ಗರಣೆ ಘಾಟು ಆಗುವುದಿಲ್ಲ ಎಂದು ಊರಿಗೆಲ್ಲ ಸಾರಿದ್ದೇನಲ್ಲ? ಹುಳದ ಮನೆ ಅಲ್ಲಿ, ಅಡುಗೆಮನೆ ಇಲ್ಲಿ. ನಿಮ್ಮಮ್ಮ ಅಷ್ಟು ವರ್ಷ ಒಗ್ಗರಣೆ ಹಾಕಿದಾಗ ಯಾವ ಹುಳವೂ ದೂರು ಕೊಟ್ಟಿರಲಿಲ್ಲ.

ಮೇಷ್ಟ್ರ ಕರ್ತವ್ಯ ಮಾಡುತ್ತೇನೆ. ಎಂಟನೆಯದು ಇಲ್ಲಿದೆ. ಕುರ್ಚಿ, ಮಣೆಯ ಮೇಲೆ ಚಾಚಿದ ಕಾಲು, ಸಿಡಿಯುವ ಸಾಸಿವೆ. ಬಾಗಿಲು ತೆರೆದಿಟ್ಟಿದ್ದೇನೆ. ನೀನು ಬಂದರೆ ಆಕೆ ನಿನ್ನನ್ನು ಅಳಿಸುವವಳಲ್ಲ, ಅವರೆಕಾಳು ಹಿದುಕಲು ಕೂರಿಸುವವಳು.

ಒಲೆ ಹಚ್ಚುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಆದ್ದರಿಂದ ಒಂದು ಒಪ್ಪಂದ. ನೀನು ಪರೀಕ್ಷಕರ ಎದುರಿಗೆ ಎಂಟನೆಯದನ್ನು ಹೇಳು, ನಾನು ಒಗ್ಗರಣೆ ಹಾಕುತ್ತೇನೆ. ಇಬ್ಬರಲ್ಲಿ ಯಾರದು ಕಷ್ಟದ ಪರೀಕ್ಷೆಯೋ ಆಮೇಲೆ ತೀರ್ಮಾನ ಮಾಡೋಣ. ದಿಂಬಿನ ಕೆಳಗಿರುವ ಅರ್ಜಿಯನ್ನು ವೆಂಕಟರವಣಪ್ಪನ ಕೈಲಿ ಕಳಿಸು. ಜಗಲಿ ಒಲೆಗೆ ಕಾಗದ ಬೇಕಾಗಿದೆ.

ಅಪ್ಪ


ಗೌರಿಬಿದನೂರು
೩ ಮಾರ್ಚ್ ೨೦೨೫

ಅಪ್ಪ,

ಫಲಿತಾಂಶ ಬಂದಮೇಲೆ ಬರೆಯೋಣ ಎಂದು ಕಾದೆ. ಇವತ್ತು ಬಂತು. ಹೇಳುತ್ತೇನೆ, ಆದರೆ ಸಾಲು ಹಾರಿಸಿ ಕೊನೆಗೆ ಓಡಬೇಡ, ನಿನ್ನ ಚಾಳಿ ನನಗೆ ಗೊತ್ತು.

ಪರೀಕ್ಷೆಯ ಕೋಣೆಯಲ್ಲಿ ಗೊಂಬೆ ಮಲಗಿತ್ತು. ಗಡ್ಡದ ಪರೀಕ್ಷಕರೊಬ್ಬರು, "ಹಾರ್ಟ್ ನಿಂತಿದೆ. ಶುರು ಮಾಡಿ" ಎಂದರು. ಕೈ ಎದೆಗೆ ಹೋಯಿತು, ನಾನು ಚಪ್ಪಲಿ ಬಿಟ್ಟು ಜಗಲಿ ಹತ್ತಿದೆ. ಆವುಲಪ್ಪ ಕೆಮ್ಮಿದ. ಸಂಪು ಖಾಲಿ. ಶೋಭತ್ತೆ ಮಗುವನ್ನು ಬಿಡಲೇ ಇಲ್ಲ. ಏಳು ಹೇಳಿ ಹುಳದ ಮನೆಯಿಂದ ಹೊರಗೆ ಬಂದೆ. "ಏಳಾಯ್ತು. ಆಮೇಲೆ?" ಎಂದರು. ಮತ್ತೆ ಆಗುತ್ತಿದೆ, ಮತ್ತೆ ಅದೇ ಆಗುತ್ತಿದೆ ಎಂದುಕೊಂಡೆ. ಕಾಲು ತಿರುಗಲು ನೋಡಿತು.

ಆಗ ಸಾಸಿವೆ ಸಿಡಿದದ್ದು ಕೇಳಿಸಿತು ಅಪ್ಪ. ಬಾಗಿಲು ತೆರೆದಿತ್ತು. ಒಳಗೆ ಹೋದೆ. ಕಾಲು ಚಾಚಿ ಕೂತಿದ್ದಳು. ಹಿದುಕಿದ ಕಾಳು ಬೊಗಸೆಯಲ್ಲಿ ತುಂಬಿಕೊಂಡು ನನ್ನ ಕಡೆ ನೋಡಿ, "ಬಂದ್ಯಾ? ಕೂತ್ಕೊ" ಎಂದಳು.

"ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು ಸರ್" ಎಂದೆ. "ಕರಗಿಸೋ ಔಷಧಿ ಕೊಡೋಣ. ಕೊಟ್ಟಮೇಲೂ ಎದೆ ಒತ್ತೋದು ನಿಲ್ಲಿಸೋದು ಬೇಡ, ಅದು ಕೆಲಸ ಮಾಡೋಕೆ ಹೊತ್ತು ಬೇಕು. ಬೇಗ ಕೈ ಬಿಡಬಾರದು." ನನ್ನ ಧ್ವನಿ ಜೋರಾಗಿತ್ತಂತೆ, ಪಕ್ಕದ ಕೋಣೆಯವರು ಇಣುಕಿದರು.

ಪರೀಕ್ಷಕರು ನನ್ನನ್ನೇ ಅನುಮಾನದಿಂದ ನೋಡಿದರು. "ಕಾಲಿಗೆ ಸುತ್ತಿರೋ ಟೇಪ್ ನೋಡಿ ಹೇಳಿದ್ರಾ? ಅದು ಕ್ಲೂ ಅಲ್ಲಮ್ಮ. ಗೊಂಬೆ ಕಾಲು ಕಿತ್ಕೊಂಡ್ ಬಂದಿತ್ತು, ಅದಕ್ಕೆ ಸುತ್ತಿದೀವಿ" ಎಂದರು. ಆಗ ನೋಡಿದೆ, ಗೊಂಬೆಯ ಎಡಗಾಲಿಗೆ ಮೊಣಕಾಲಿನ ತನಕ ಟೇಪ್ ಸುತ್ತಿತ್ತು, ಥೇಟ್ ಪ್ಲಾಸ್ಟರಿನಂತೆ.

"ಟೇಪ್ ನೋಡ್ಲಿಲ್ಲ ಸರ್" ಎಂದೆ. "ನಮ್ಮನೆ ಅಡುಗೆಮನೆ ನೋಡ್ದೆ."

ಅವರು ಏನೋ ಬರೆದುಕೊಂಡರು. ಹುಚ್ಚಿ ಎಂದು ಬರೆದಿರಬೇಕು ಎಂದುಕೊಂಡಿದ್ದೆ. ಪಾಸು ಎಂದು ಬರೆದಿದ್ದಾರೆ.

ಜ್ಯೋತಿಲಕ್ಷ್ಮಿ ಇಡೀ ಕ್ಯಾಶುಯಲ್ಟಿಗೆ ಲಡ್ಡು ಹಂಚಿದರು. ಗೊಂಬೆಯ ಬಾಯಿಗೂ ಒಂದು ಚೂರು ಇಟ್ಟರು. ನಾನು ಕೋಣೆಗೆ ಬಂದು ಅತ್ತೆ. ಈ ಸಲದ್ದು ಬೇರೆ ಥರದ ಅಳು. ಆ ಔಷಧಿ ಆ ಬೆಳಿಗ್ಗೆ ನಮ್ಮ ಅಡುಗೆಮನೆಗೆ ನಡೆದು ಬರುತ್ತಿರಲಿಲ್ಲ, ನನಗೆ ಗೊತ್ತು. ಆದರೂ ಯಾರಿಗಾದರೂ ಬರುತ್ತದೆ. ನಾನಿರುವ ಕಡೆ ಬಂದರೆ ನಾನು ಕೊಡುತ್ತೇನೆ.

ನನ್ನ ಭಾಗದ ಒಪ್ಪಂದ ಮುಗಿಯಿತು. ಫೋನ್ ಕಳಿಸು.

ನಿನ್ನ
ಭಾನು


ನಮ್ಮೂರು
೬ ಮಾರ್ಚ್ ೨೦೨೫

ಎಂಟೂ ದಿಕ್ಕುಗಳನ್ನು ಜಯಿಸಿದ ಡಾಕ್ಟರ್ ಭಾನುಪ್ರಿಯಾ ಅಮ್ಮನವರಿಗೆ, ಪಾಕಶಾಲೆಯ ನೂತನ ಅಪ್ರೆಂಟಿಸ್ ನರಸಿಂಹಪ್ಪನ ವರದಿ.

ನಿನ್ನ ಕಾಗದ ಓದಿ ಶೋಭ ಆವುಲಪ್ಪನನ್ನೇ ಅಪ್ಪಿಕೊಳ್ಳಲು ಹೋದಳು. ಅವನು ನಿನ್ನ ಆರನೆಯ ಕಾರಣವನ್ನು ನೆನೆದು ಓಡಿಹೋದ. ಚೀಲದಲ್ಲಿ ಫೋನ್ ಇದೆ. ಅದರ ತೂತುಗಳಲ್ಲಿ ರಾಗಿ ಸೇರಿದೆ, ಮಾತಾಡಿದರೆ ಕರಕರ ಎನ್ನುತ್ತದೆ, ಸಹಿಸಿಕೋ. ಪಕ್ಕದ ಸ್ಟೀಲ್ ಡಬ್ಬಿಯನ್ನು ನೇರವಾಗಿ ಹಿಡಿ. ವೆಂಕಟರವಣಪ್ಪನಿಗೆ, "ಕೋಳಿ, ಟೀವಿ, ಮದುವೆ ಗಂಡು, ಯಾವುದು ಚೆಲ್ಲಿದರೂ ಚಿಂತೆಯಿಲ್ಲ, ಇದು ಚೆಲ್ಲಬಾರದು" ಎಂದು ಹೇಳಿದ್ದೇನೆ.

ಅವರೆಕಾಯಿಯ ಕಾಲ ಮುಗಿಯಿತು. ಚಿಂತಾಮಣಿ ಸಂತೆಯೆಲ್ಲ ಸುತ್ತಿ ಬಲಿತ ಕಾಯಿ ಒಂದಿಷ್ಟು ಸಿಕ್ಕಿತು. ನಾನೇ ಹಿದುಕಿದೆ. ಅರ್ಧ ಕಾಳು ಗೋಡೆಗೆ ಹಾರಿದವು. ಕಿಟಕಿ ತೆರೆದು, ಒಲೆ ಹಚ್ಚಿ, ಬಾಣಲೆ ಇಟ್ಟೆ. ಸಾಸಿವೆ ಸಿಡಿಯಿತು. ಬಾಣಲೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ನೋಡಲು ಹೇಳಿದ್ದಳು, ನೋಡಿದೆ.

ಆದರೂ ಸ್ವಲ್ಪ ಸೀಯಿತು. ತಿನ್ನಬಹುದು.

ಹುಳುಗಳೆಲ್ಲ ಕ್ಷೇಮ.

ನಿನ್ನ ಅಪ್ಪ